ತಪ್ಪು ಅವರ ನೆಟ್‌ವರ್ಕಿನದಲ್ಲ, ನಮ್ಮ ಸರ್ವರಿನದು

ಹೋದ ವಾರ ಜಗಳೂರು ಕಡೆಯ ರೈತರೊಬ್ಬರು ಫೋನ್ ಮಾಡಿದ್ದರು. "ಫೋಟೋ ಹೋಗ್ತಾನೇ ಇಲ್ರೀ ಸರ್, ಬೆಳಿಗ್ಗೆಯಿಂದ ಹತ್ತು ಸಲ ಹಾಕ್ದೆ" ಅಂದರು. ಮಳೆಗೆ ಮಲಗಿದ ಮೆಕ್ಕೆಜೋಳದ ಫೋಟೋ. ಬೆಳೆಗಾರರ ಗುಂಪೊಂದಕ್ಕೆ ನಾವು ದಾವಣಗೆರೆಯಲ್ಲಿ ಕೂತು ಮಾಡಿಕೊಟ್ಟ ಸೈಟ್ ಅದು. ನಮ್ಮ ಹುಡುಗ "ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ ಅನ್ಸುತ್ತೆ, ಸಂಜೆ ನೋಡಿ" ಎಂದ. ಅವರು ಸಂಜೆ ಬೈಕ್ ಹತ್ತಿ ಜಗಳೂರು ಪೇಟೆಗೇ ಬಂದು ಕಳಿಸಿದ್ದಾರೆ. ಆಗಲೂ ಹೋಗಿಲ್ಲ.

ಹುಡುಗನನ್ನು ಬೈಯುವ ಹಾಗಿರಲಿಲ್ಲ. ಏನೇ ಕೆಟ್ಟರೂ "ನೆಟ್‌ವರ್ಕ್ ದೋಷ" ಎಂದು ತೋರಿಸುವಂತೆ ಕೋಡ್ ಬರೆದವರು ನಾವೇ ಅಲ್ವಾ?

ಮಾರನೇ ದಿನ ಪೂರ್ತಿ ಅಪ್ಲಿಕೇಶನ್ ಕೋಡಿನಲ್ಲೇ ಹುಡುಕಿದೆವು. ಏನು ನಡೆಯಿತು ಎಂದು ಬರೆದಿಡುವ ಅಪ್ಲಿಕೇಶನ್ ಲಾಗ್ ಖಾಲಿ. ಆ ಹೊತ್ತಿನಲ್ಲಿ ಫೋನಿನಿಂದ ಬಂದ ಕೋರಿಕೆ, ಅಂದರೆ ರಿಕ್ವೆಸ್ಟ್, ಒಂದೂ ಅದರಲ್ಲಿ ಇಲ್ಲ. ಆಗಲೇ ಹೊಳೆಯಬೇಕಿತ್ತು: ಲಾಗ್‌ನಲ್ಲಿ ಹೆಜ್ಜೆಯೇ ಇಲ್ಲ ಅಂದರೆ ರಿಕ್ವೆಸ್ಟ್ ಒಳಗೇ ಬಂದಿಲ್ಲ, ಬಾಗಿಲಲ್ಲಿ ನಿಂತು ಬಂದದ್ದನ್ನು ಒಳಗೆ ದಾಟಿಸುವ ಪ್ರಾಕ್ಸಿಯೇ ವಾಪಸ್ ಕಳಿಸಿದೆ. ನಮ್ಮಲ್ಲಿ ಆ ಪ್ರಾಕ್ಸಿ ಕೆಲಸ ಮಾಡುವುದು ಎಂಜಿನ್‌ಎಕ್ಸ್ (nginx) ಎಂಬ ಸಾಫ್ಟ್‌ವೇರ್. ಅದರ ಎರರ್ ಲಾಗ್ ತೆಗೆದರೆ ಸಾಲು ಸಾಲಾಗಿ ಒಂದೇ ಮಾತು: "ಕ್ಲೈಂಟ್ ಇಂಟೆಂಡೆಡ್ ಟು ಸೆಂಡ್ ಟೂ ಲಾರ್ಜ್ ಬಾಡಿ", ಅಂದರೆ ಕಳಿಸಲು ಹೊರಟದ್ದು ಮಿತಿಗಿಂತ ದೊಡ್ಡದು. ಪಕ್ಕದಲ್ಲೇ ಎಷ್ಟು ಬೈಟ್ ಎಂಬ ಲೆಕ್ಕ. ಆಕ್ಸೆಸ್ ಲಾಗ್‌ನಲ್ಲಿ 413, ಅಂದರೆ "ತೀರಾ ದೊಡ್ಡದು, ಬೇಡ" ಎನ್ನುವ ಕೋಡ್ ಸಂಖ್ಯೆ.

ಎಂಜಿನ್‌ಎಕ್ಸ್‌ನಲ್ಲಿ "ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್" ಅಂತ ಒಂದು ಸೆಟ್ಟಿಂಗ್ ಇದೆ, ಒಂದು ಸಲಕ್ಕೆ ಎಷ್ಟು ದೊಡ್ಡದನ್ನು ಒಳಗೆ ಬಿಡಬೇಕು ಎನ್ನುವ ಮಿತಿ. ನಾವು ಏನೂ ಬರೆಯದಿದ್ದರೆ ಅದು 1 ಎಂಬಿ. ಈಗಿನ ಫೋನಿನ ಒಂದು ಫೋಟೋವೇ ಎಷ್ಟೋ ಸಲ 4 ಎಂಬಿ ದಾಟುತ್ತದೆ. ಹಾಗಾದರೆ ನಮ್ಮ ಟೆಸ್ಟಿಂಗ್‌ನಲ್ಲಿ ಹೇಗೆ ಹೋಯಿತು? ನಾವು ಹಾಕಿದ್ದೆಲ್ಲ ವಾಟ್ಸಾಪ್‌ನಲ್ಲಿ ಬಂದ ಫೋಟೋಗಳು. ವಾಟ್ಸಾಪ್ ಅವನ್ನು ಮೊದಲೇ ಕುಗ್ಗಿಸಿ ಕಳಿಸಿರುತ್ತದೆ. ಹೊಲದಲ್ಲಿ ನಿಂತು ತೆಗೆದ ಫೋಟೋವನ್ನು ನೇರವಾಗಿ ಹಾಕಿ ನಾವು ಒಂದು ಸಲವೂ ನೋಡಿರಲಿಲ್ಲ. ಇದು ನನಗೆ ನಿಜಕ್ಕೂ ಬೇಜಾರಾದ ವಿಷಯ.

ಮಿತಿ ಏರಿಸಿ, ಕಾನ್ಫಿಗ್ ಸರಿ ಇದೆಯಾ ಎಂದು ಪರೀಕ್ಷಿಸಿ, ರೀಲೋಡ್ ಮಾಡಿದೆವು. 413 ಹೋಯಿತು, ತೊಂದರೆ ಹೋಗಲಿಲ್ಲ. ಪ್ರಾಕ್ಸಿಯ ಹಿಂದೆ ನಮ್ಮ ಕೋಡ್ ಓಡಿಸುವ ಪಿಎಚ್‌ಪಿ ಇದೆಯಲ್ಲ, ನಾವು ಬದಲಿಸದಿದ್ದರೆ ಅದರದೂ ಬೇರೆ ಮಿತಿ: ಒಂದು ಫೈಲಿಗೆ 2 ಎಂಬಿ, ಇಡೀ ಫಾರಂಗೆ 8 ಎಂಬಿ. ಫಾರಂ 8 ಎಂಬಿ ದಾಟಿದರೆ ಪಿಎಚ್‌ಪಿ ನಮ್ಮ ಕೋಡಿಗೆ ಖಾಲಿ ಫಾರಂ ಕೊಡುತ್ತದೆ. ಫೋಟೋ ಅಷ್ಟೇ ಅಲ್ಲ, ಹೆಸರು, ಊರು, ಸರ್ವೆ ನಂಬರ್ ಎಲ್ಲ ಮಾಯ. ಮೂರು ಫೋಟೋ ಹಾಕಿ, ಎಲ್ಲ ತುಂಬಿ ಕಳಿಸಿದವರಿಗೆ ಸೈಟ್ "ನಿಮ್ಮ ಹೆಸರು ಬರೆಯಿರಿ" ಎನ್ನುತ್ತದೆ. ಬರೆದವರಿಗೆ ಹೇಗಾಗಬೇಡ?

ಸಿಟ್ಟಿಗೆ ಮಿತಿಯನ್ನೇ ತೆಗೆದುಬಿಡೋಣ ಎಂದು ಗೆಳೆಯರೊಬ್ಬರು ಹೇಳಿದರು. ಎಂಜಿನ್‌ಎಕ್ಸ್‌ನಲ್ಲಿ ಸೊನ್ನೆ ಹಾಕಿದರೆ ಮಿತಿ ಇಲ್ಲ. ನಾನು ಒಪ್ಪಲಿಲ್ಲ. ದೊಡ್ಡ ರಿಕ್ವೆಸ್ಟ್ ಬಂದಾಗ ಎಂಜಿನ್‌ಎಕ್ಸ್ ಅದನ್ನು ಮೊದಲು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಹಿಂದಿರುವ ಪಿಎಚ್‌ಪಿಗೆ ಕೊಡುತ್ತದೆ. ಯಾರೋ ಒಬ್ಬರು ಸುಮ್ನೆ ದೊಡ್ಡ ದೊಡ್ಡ ಫೈಲ್ ಕಳಿಸುತ್ತಾ ಕೂತರೆ ಡಿಸ್ಕ್ ತುಂಬಿ ಎಲ್ಲರಿಗೂ ಸೈಟ್ ನಿಲ್ಲುತ್ತದೆ. ಮಿತಿ ಬೇಕು. ಆದರೆ ನಾವು ಯೋಚಿಸಿ ಇಟ್ಟ ಮಿತಿ ಬೇಕು. ಈಗ ಫೈಲಿಗೆ 8, ಫಾರಂಗೆ 32, ಪ್ರಾಕ್ಸಿಗೆ 35 ಎಂಬಿ ಇಟ್ಟಿದ್ದೇವೆ. ಒಳಗಿನದಕ್ಕಿಂತ ಹೊರಗಿನದು ಸ್ವಲ್ಪ ಜಾಸ್ತಿ ಇದ್ದರೆ, ಬೇಡ ಎನ್ನುವ ಮಾತನ್ನು ನಮ್ಮ ಕೋಡಿನಿಂದಲೇ, ಕನ್ನಡದಲ್ಲೇ ಹೇಳಬಹುದು. ಎಂಜಿನ್‌ಎಕ್ಸ್ ಬೇಡ ಎಂದರೆ ಎಷ್ಟೋ ಸಲ ಬ್ರೌಸರಿಗೆ ಕನೆಕ್ಷನ್ ಕಟ್ಟಾಯಿತು ಎಂದಷ್ಟೇ ತಿಳಿಯುತ್ತದೆ. ನೆಟ್‌ವರ್ಕ್ ಮೇಲೆ ಅನುಮಾನ ಬರುವುದೇ ಅದಕ್ಕೆ.

ಇನ್ನೊಂದು ಕೆಲಸವನ್ನೂ ಮಾಡಿದೆವು. ಫೋಟೋ ಆರಿಸಿದ ಕೂಡಲೇ ಬ್ರೌಸರಿನಲ್ಲೇ ಅದರ ಸೈಜ್ ನೋಡಿ, ಜಾಸ್ತಿ ಇದ್ದರೆ ಅಲ್ಲೇ ಕುಗ್ಗಿಸುತ್ತೇವೆ. ಹಳ್ಳಿಯವರ ಡೇಟಾವೂ ಉಳಿಯುತ್ತದೆ. ಸೈಟ್ ಮಾಡುವ ಗೆಳೆಯರೇ, ದಯವಿಟ್ಟು ನಿಮ್ಮ ಪ್ರಾಕ್ಸಿಯಲ್ಲಿ ಏನಿದೆ ಎಂದು ಇವತ್ತೇ ನೋಡಿ. ನಿಮ್ಮದೇ ಫೋನಿನಲ್ಲಿ ಹೊಸ ಫೋಟೋ ತೆಗೆದು ಹಾಕಿ ನೋಡಿ.

ಆ ರೈತರಿಗೆ ನಾನೇ ಫೋನ್ ಮಾಡಿ, ತಪ್ಪು ನಮ್ಮದು ಎಂದು ಹೇಳಿದೆ. "ಹಂಗಾದ್ರೆ ನನ್ ಫೋನ್ ಸರಿ ಐತೆ ಅನ್ನಿ" ಎಂದರು. ಹೊಸ ಫೋನ್ ತಗೊಳ್ಳಬೇಕೇನೋ ಎಂದು ಮಗನ ಹತ್ತಿರ ಕೇಳಿದ್ದರಂತೆ.