ಗ್ಯಾಸ್ ಸ್ಟೌ ಅಭ್ಯರ್ಥಿಯ ಏಜೆಂಟು

ಚುನಾವಣಾ ಆಯೋಗದವರು 2025ರ ಆಗಸ್ಟ್‌ನಲ್ಲಿ 334 ಪಕ್ಷಗಳ ಹೆಸರು ಹೊಡೆದುಹಾಕಿದರಲ್ಲ, ಅದು ಸಾಲದು ಅಂತ ಸೆಪ್ಟೆಂಬರ್‌ನಲ್ಲಿ ಇನ್ನೂ 474 ತೆಗೆದರು. ಆರು ವರ್ಷದಿಂದ ಒಂದು ಚುನಾವಣೆಗೂ ನಿಂತಿಲ್ಲ ಅನ್ನೋದು ಆಕ್ಷೇಪ. ಕೆಲವಕ್ಕೆ ಕೊಟ್ಟ ವಿಳಾಸದಲ್ಲಿ ಕಚೇರಿಯೇ ಇರಲಿಲ್ಲವಂತೆ. ಸುದ್ದಿ ಓದಿ ನನಗೆ ನಿಜವಾಗಿಯೂ ಬೇಜಾರಾಯಿತು. ಯಾರ ಮನೆಗೂ ಬಂದು ಕೈ ಮುಗಿಯಲಿಲ್ಲ, ಆಟೋಗೆ ಮೈಕ್ ಕಟ್ಟಿ ಮಧ್ಯಾಹ್ನದ ನಿದ್ದೆ ಕೆಡಿಸಲಿಲ್ಲ, ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿ ಟ್ರಾಫಿಕ್ ಸಿಗ್ನಲ್ ಮುಚ್ಚಲಿಲ್ಲ. ತಮ್ಮ ಪಾಡಿಗೆ ತಾವಿದ್ದವು. ದೇಶದಲ್ಲಿ ಇಷ್ಟು ಸಂಭಾವಿತ ಪಕ್ಷಗಳು ಇನ್ನೆಲ್ಲಿ ಸಿಗುತ್ತವೆ? ಹುಡುಕಿ ಹುಡುಕಿ ಅವನ್ನೇ ತೆಗೆದರು.

ಅವುಗಳಲ್ಲಿ ಕೆಲವು ದೇಣಿಗೆ ಹೆಸರಲ್ಲಿ ತೆರಿಗೆ ಉಳಿಸುವ ಅಂಗಡಿಗಳು ಅಂತ ಹೇಳುತ್ತಾರೆ. ಇರಬಹುದು. 100 ಜನ ಸದಸ್ಯರು, 10,000 ರೂಪಾಯಿ ಶುಲ್ಕ, ನಾಲ್ಕು ಹಾಳೆ ನಿಯಮಾವಳಿ ಇದ್ದರೆ ಪಕ್ಷ ನೋಂದಣಿಗೆ ಅರ್ಜಿ ಹಾಕಬಹುದು. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಒಂದು ಮಂಡಿ ಹಾಕೋದು ಇದಕ್ಕಿಂತ ಕಷ್ಟ. ಆದರೆ ನನಗೆ ಕುತೂಹಲ ಇರೋದು ಸತ್ತ ಪಕ್ಷಗಳ ಬಗ್ಗೆ ಅಲ್ಲ, ಬದುಕಿರುವ ಸಣ್ಣವರ ಬಗ್ಗೆ. ಇಬ್ಬರು ದೊಡ್ಡವರ ಜಗಳದಲ್ಲಿ ಇವರಿಗೇನು ಕೆಲಸ?

ಕೆಲಸ ಇದೆ. ಜಾಸ್ತಿನೇ ಇದೆ.

ಒಂದು ಸಲ ಮತ ಎಣಿಕೆ ಮುಗಿದ ಮೇಲೆ ಹೊರಗಡೆ ಟೀ ಅಂಗಡಿಯಲ್ಲಿ ಒಬ್ಬ ಹುಡುಗ ಸಿಕ್ಕಿದ. ಕೊರಳಲ್ಲಿ ಏಜೆಂಟ್ ಬ್ಯಾಡ್ಜ್. ಪಕ್ಷೇತರ ಅಭ್ಯರ್ಥಿ, ಗುರುತು ಗ್ಯಾಸ್ ಸ್ಟೌ. ಕೈಯಲ್ಲಿ ಬೆವರಿಗೆ ಮೆತ್ತಗಾದ ಒಂದು ಹಾಳೆ. ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಹಾಕಿ, ರೌಂಡ್ ರೌಂಡಿಗೂ ಲೆಕ್ಕ ಬರೆದಿದ್ದ. ಕಾಲಂ ಎರಡೇ. ಎರಡೂ ದೊಡ್ಡ ಪಕ್ಷದವು.

"ನಿಮ್ಮ ಅಭ್ಯರ್ಥಿಗೆ ಎಷ್ಟು ಬಂತಪ್ಪ?" ಅಂದೆ.

"ಯಾವ ಅಭ್ಯರ್ಥಿ ಸಾರ್?"

"ಬ್ಯಾಡ್ಜಲ್ಲಿ ಇದೆಯಲ್ಲ, ಅವರು."

ಬ್ಯಾಡ್ಜ್ ಎತ್ತಿ ಓದಿಕೊಂಡ. "ಓ, ಇವರಾ? ನೋಡಲಿಲ್ಲ ಸಾರ್. ನಮ್ಮ ಲೀಡರ್ ಇವೆರಡೇ ಬರ್ಕೊಂಡು ಬಾ ಅಂದಿದ್ರು."

ದೊಡ್ಡ ಪಕ್ಷದವರೇ ಹೀಗೆ ಡಮ್ಮಿ ಅಭ್ಯರ್ಥಿಗಳನ್ನು ನಿಲ್ಲಿಸೋದು ಗೊತ್ತಿಲ್ಲದ ಗುಟ್ಟೇನಲ್ಲ ಬಿಡಿ. ಪ್ರತಿ ಅಭ್ಯರ್ಥಿಗೂ ಬೂತಿಗೊಬ್ಬ ಏಜೆಂಟ್, ಎಣಿಕೆಯ ಟೇಬಲ್ಲಿಗೊಬ್ಬ ಏಜೆಂಟ್, ವಾಹನಕ್ಕೆ ಪರ್ಮಿಟ್ ಸಿಗುತ್ತೆ. ವಿಧಾನಸಭೆಗೆ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದದ್ದು 40 ಲಕ್ಷ. ಪಕ್ಕದಲ್ಲಿ ಒಂದು ಗ್ಯಾಸ್ ಸ್ಟೌ ಇದ್ದರೆ ಸ್ವಲ್ಪ ಬಿಲ್ಲು ಅದರ ಮೇಲೂ ಬೇಯುತ್ತೆ. ಠೇವಣಿ 10,000. ಆರರಲ್ಲಿ ಒಂದು ಪಾಲು ಮತ ಬರದಿದ್ದರೆ ಅದು ಹೋಗುತ್ತೆ. ಹೋಗಲಿ ಅಂತಲೇ ಕಟ್ಟಿರುತ್ತಾರೆ. ಇನ್ನು ಎದುರಾಳಿಯ ಹೆಸರಿನವರನ್ನೇ ಹುಡುಕಿ ತಂದು ನಿಲ್ಲಿಸೋದು ಬೇರೆ ಇದೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಜೊತೆ ಇನ್ನೂ ಮೂವರು ಸುಮಲತಾ ಇದ್ದರು.

ಗುರುತುಗಳ ವಿಷಯ ಬಂದರೆ ನಾನು ಎಲ್ಲ ಕೆಲಸ ಬಿಟ್ಟು ಕೂರುತ್ತೇನೆ. ಆಯೋಗದ ಪಟ್ಟಿಯಲ್ಲಿ ಹಸಿಮೆಣಸಿನಕಾಯಿ, ಹೂಕೋಸು, ಕುಕ್ಕರ್, ಕ್ಯಾರಂ ಬೋರ್ಡ್, ಸಿಸಿಟಿವಿ ಕ್ಯಾಮೆರಾ ಎಲ್ಲ ಇವೆ. ಒಂದು ಸಂಸಾರ ಹೂಡಬಹುದು. ಆದರೆ ನಮ್ಮ ರಾಜ್ಯದಲ್ಲಿ ಈ ಸಾಮಾನುಗಳು ಒಂದೂ ಹೆಚ್ಚು ದಿನ ಬಾಳಿಕೆ ಬರಲಿಲ್ಲ. 2013ರಲ್ಲಿ ತೆಂಗಿನಕಾಯಿ ಬಂತು, ಯಡಿಯೂರಪ್ಪನವರ ಕೆಜೆಪಿ. ತಿಪಟೂರಿನ ಕೊಬ್ಬರಿ ಇರುವ ತುಮಕೂರು ಜಿಲ್ಲೆಗೆ ಇದಕ್ಕಿಂತ ಒಳ್ಳೆ ಗುರುತು ಬೇಕಾ? ಕಾಯಿ ಗೆದ್ದದ್ದು ಆರು ಸೀಟು. ಒಡೆದದ್ದು ಮಾತ್ರ ನೂರಕ್ಕೆ ಹತ್ತಿರಹತ್ತಿರ ಹತ್ತು ವೋಟು. 2008ರಲ್ಲಿ 110 ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಿತು, ಕಾಂಗ್ರೆಸ್ 122 ಹತ್ತಿ ಕೂತಿತು. 2014ರ ಜನವರಿಗೆ ಕಾಯಿ ವಾಪಸ್ ಕಮಲದ ಕೊಳಕ್ಕೆ. ಆಮೇಲೆ ಆಟೋ. ಉಪೇಂದ್ರ ಹತ್ತಿದರು, 2018ರ ಚುನಾವಣೆಗೆ ಮುಂಚೆಯೇ ಇಳಿದರು. ರಾಣೆಬೆನ್ನೂರಿನಲ್ಲಿ ಆರ್. ಶಂಕರ್ ಅದೇ ಆಟೋದಲ್ಲಿ ಸೀದಾ ಮಂತ್ರಿ ಸ್ಥಾನಕ್ಕೆ ಬಂದು ಇಳಿದರು. ಜನಾರ್ದನ ರೆಡ್ಡಿಯವರ ಫುಟ್‌ಬಾಲ್ 2023ರಲ್ಲಿ ಗಂಗಾವತಿಯಲ್ಲಿ ಗೋಲು ಹೊಡೆಯಿತು, 2024ರ ಮಾರ್ಚ್‌ನಲ್ಲಿ ಬಿಜೆಪಿಯ ಗೋಡೌನ್ ಸೇರಿತು.

ಗುರುತು ಯಾಕೆ, ಪಕ್ಷವೇ ಯಾಕೆ ಅಂತ ಕೇಳಿದವರು ನಮ್ಮ ಕಡೆಯವರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಈ ಮೂರು ಜಿಲ್ಲೆಗಳು ಪಕ್ಷೇತರರ ತವರು. 2008ರಲ್ಲಿ ಪಾವಗಡದಿಂದ ವೆಂಕಟರಮಣಪ್ಪ, ಕೋಲಾರದಿಂದ ವರ್ತೂರು ಪ್ರಕಾಶ್. ಇಬ್ಬರೂ ಬಿಜೆಪಿ ಸರ್ಕಾರದಲ್ಲಿ ಮಂತ್ರಿಗಳಾದರು. ಪಕ್ಷಾಂತರ ನಿಷೇಧ ಕಾಯ್ದೆ ಏನು ಹೇಳುತ್ತೆ ಅಂದರೆ, ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವ ಪಕ್ಷಕ್ಕೂ ಸೇರಬಾರದು. ಸೇರಿದರೆ ಅನರ್ಹ. ಬೆಂಬಲ ಕೊಡಬಹುದು, ಮಂತ್ರಿಯಾಗಬಹುದು, ಗೂಟದ ಕಾರಿನಲ್ಲಿ ಓಡಾಡಬಹುದು, ಸೇರಬಾರದು ಅಷ್ಟೇ. ವೆಂಕಟರಮಣಪ್ಪನವರೂ ಸೇರಿ ಐವರು ಪಕ್ಷೇತರರನ್ನು 2010ರಲ್ಲಿ ಅನರ್ಹ ಮಾಡಿದರು, ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ವರ್ತೂರು ಪ್ರಕಾಶ್ 2013ರಲ್ಲೂ ಪಕ್ಷೇತರರಾಗಿಯೇ ಗೆದ್ದು, ಆಮೇಲೆ ಸ್ವಂತ ಪಕ್ಷ ಕಟ್ಟಿದರು. ಹೆಸರು 'ನಮ್ಮ ಕಾಂಗ್ರೆಸ್'. 2023ರಲ್ಲಿ ನಿಂತದ್ದು ಬಿಜೆಪಿಯಿಂದ. ನನಗಂತೂ ಇದರಲ್ಲಿ ಗೊಂದಲವೇನೂ ಕಾಣಲಿಲ್ಲ.

ಮುಳಬಾಗಿಲಿನದು ಇನ್ನೂ ಚುರುಕು. 2018ರಲ್ಲಿ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರವೇ ತಿರಸ್ಕಾರವಾಗಿ, ಪಕ್ಷೇತರ ಎಚ್. ನಾಗೇಶ್ ಗೆದ್ದರು. 2019ರ ಜೂನ್‌ನಲ್ಲಿ ಮೈತ್ರಿ ಸರ್ಕಾರದ ಮಂತ್ರಿ. ಜುಲೈನಲ್ಲಿ ಬೆಂಬಲ ವಾಪಸ್. ಆಗಸ್ಟ್‌ನಲ್ಲಿ ಯಡಿಯೂರಪ್ಪ ಸರ್ಕಾರದ ಮಂತ್ರಿ. 2023ರಲ್ಲಿ ಮಹದೇವಪುರದಲ್ಲಿ ಕಾಂಗ್ರೆಸ್ ಅಭ್ಯರ್ಥಿ. ಅದೇ ತಾಲ್ಲೂಕಿನ ಕುರುಡುಮಲೆ ಗಣಪತಿಗೆ ಪೂಜೆ ಮಾಡಿಸಿ ಪ್ರಚಾರ ಶುರು ಮಾಡುವ ಪದ್ಧತಿ ರಾಜಕಾರಣಿಗಳಿಗಿದೆ. ಯಾರು ಯಾವ ಪಕ್ಷದಿಂದ ಬಂದಿದ್ದಾರೆ ಅಂತ ಆ ಗಣಪ ಲೆಕ್ಕ ಇಡೋದನ್ನು ಯಾವತ್ತೋ ಬಿಟ್ಟಿರಬೇಕು.

ಹಾಗಾದರೆ ಜೆಡಿಎಸ್? ಅದು ಸಣ್ಣ ಪಕ್ಷವೋ ದೊಡ್ಡ ಪಕ್ಷವೋ ಅನ್ನೋದು ಆ ವರ್ಷದ ಫಲಿತಾಂಶದ ಮೇಲೆ ಹೋಗುತ್ತೆ. 2018ರ ಪ್ರಚಾರದಲ್ಲಿ ಕಾಂಗ್ರೆಸ್ಸಿನವರ ಬಾಯಲ್ಲಿ ಅದು ಬಿಜೆಪಿಯ 'ಬಿ ಟೀಮ್'. ಫಲಿತಾಂಶದ ದಿನವೇ 37 ಸೀಟಿನವರಿಗೆ ಮುಖ್ಯಮಂತ್ರಿ ಕುರ್ಚಿ ಕೊಡುತ್ತೇವೆ ಅಂದವರೂ ಅವರೇ. 2023ರಲ್ಲಿ 19ಕ್ಕೆ ಇಳಿದು ಅದು ಬಿಜೆಪಿ ಪಕ್ಕಕ್ಕೇ ಹೋಗಿ ಕೂತಿತು. 2024ರಲ್ಲಿ ಕೋಲಾರದ ಲೋಕಸಭಾ ಸೀಟನ್ನೂ ಗೆದ್ದಿತು. ಬಿ ಟೀಮ್‌ನವರು ಎ ಟೀಮ್ ಸೇರಿಕೊಂಡ ಮೇಲೆ ಈಗ ಬಿ ಟೀಮ್ ಜಾಗ ಖಾಲಿ ಇದೆ, ಆಸಕ್ತರು ಅರ್ಜಿ ಹಾಕಬಹುದು.

ನಗುವಷ್ಟು ನಕ್ಕಾಯಿತು. ಈಗ ನಿಜವಾಗಿ ನಿಲ್ಲಬೇಕು ಅನ್ನುವವನ ಪಾಡು ನೋಡಿ. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ನಾಮಪತ್ರಕ್ಕೆ ಸಹಿ ಹಾಕಲು ಒಬ್ಬ ಸೂಚಕ ಸಾಕು. ಸಣ್ಣ ಪಕ್ಷದವನಿಗೆ, ಪಕ್ಷೇತರನಿಗೆ ಹತ್ತು ಜನ ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಬ್ಯಾಲೆಟ್‌ನಲ್ಲಿ ದೊಡ್ಡವರು ಮೇಲೆ, ಸಣ್ಣವರು ಅವರ ಕೆಳಗೆ, ಪಕ್ಷೇತರರು ಎಲ್ಲರಿಗಿಂತ ಕೆಳಗೆ. ಎಣಿಕೆ ಹಾಲ್‌ನಲ್ಲಿ ಏಜೆಂಟರು ಕೂರುವ ಸಾಲು ಕೂಡ ಇದೇ ಕ್ರಮ. ಪಕ್ಷೇತರನಿಗೆ ಗುರುತು ಸಿಗೋದು ನಾಮಪತ್ರ ವಾಪಸಾತಿ ಮುಗಿದ ಮೇಲೆ, ಮತದಾನಕ್ಕೆ ಹೆಚ್ಚುಕಮ್ಮಿ ಎರಡು ವಾರ ಇರುವಾಗ. ಅಷ್ಟರಲ್ಲಿ ಅಜ್ಜಿಗೆ ಹೂಕೋಸು ಯಾವುದು, ಎಲೆಕೋಸು ಯಾವುದು ಅಂತ ತಿಳಿಸಿ ಹೇಳಬೇಕು. ಅಭ್ಯರ್ಥಿಗೆ 40 ಲಕ್ಷದ ಮಿತಿ ಹಾಕಿದವರು ಪಕ್ಷದ ಖರ್ಚಿಗೆ ಮಿತಿಯನ್ನೇ ಹಾಕಿಲ್ಲ.

ಇಷ್ಟೆಲ್ಲ ದಾಟಿ ಬಂದವನಿಗೆ ಊರಿನವರು ಹೇಳುವ ಮಾತು ಒಂದೇ. "ಒಳ್ಳೆಯವನು ಕಣಪ್ಪ, ಆದ್ರೆ ವೋಟು ವೇಸ್ಟ್ ಆಗುತ್ತೆ."

ಬಾಗೇಪಲ್ಲಿಯವರು 1994ರಲ್ಲಿ, ಮತ್ತೆ 2004ರಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ ಅವರನ್ನು ಗೆಲ್ಲಿಸಿದ್ದರು. ಅವರು ಎಲ್ಲವನ್ನೂ ಸರಿ ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಗೆದ್ದ ಮಾರನೇ ದಿನ ಯಾರ ರೆಸಾರ್ಟ್‌ನಲ್ಲಿದ್ದಾರೆ ಅಂತ ಮತದಾರರು ಟಿವಿ ನೋಡಿ ತಿಳಿದುಕೊಳ್ಳುವ ಗತಿ ಇರಲಿಲ್ಲ. ಈಗ ಅಲ್ಲೂ 'ವೇಸ್ಟ್' ಅನ್ನುವ ಮಾತೇ.

ಸರಿ, ವೇಸ್ಟ್ ಮಾಡದೆ ಹಾಕಿದ ವೋಟಿನ ಲೆಕ್ಕ ಕೊಡಿ. ಎರಡೂ ದೊಡ್ಡ ಪಕ್ಷಗಳು ಪಶ್ಚಿಮ ಘಟ್ಟದಿಂದ ಎತ್ತಿನಹೊಳೆ ನೀರು ತಂದು ಕೊಡುತ್ತೇವೆ ಅಂತಲೇ ಇಲ್ಲಿ ಓಟು ಕೇಳಿವೆ. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ, ಅಂದಾಜು 12,912 ಕೋಟಿ. ಈಗ ಅದು 23,251 ಕೋಟಿ. 2024ರ ಗೌರಿ ಹಬ್ಬದ ದಿನ ಸಕಲೇಶಪುರದಲ್ಲಿ ಬಾಗಿನ ಬಿಟ್ಟಾಯಿತು. ಆ ನೀರು ಇನ್ನೂ ನಮ್ಮ ಕೆರೆಗೆ ಬಂದಿಲ್ಲ. 2018ರಿಂದ ಕೋಲಾರದ ಕೆರೆಗೆ ಬರುತ್ತಿರೋದು ಬೆಂಗಳೂರಿನವರು ಬಳಸಿ ಬಿಟ್ಟ ನೀರು, ಎರಡು ಹಂತ ಶುದ್ಧ ಮಾಡಿದ್ದು. ಇಷ್ಟೂ ವರ್ಷ ನಾವು ಒಂದು ವೋಟನ್ನೂ ವೇಸ್ಟ್ ಮಾಡಲಿಲ್ಲ. ಮೈ ಉರಿಯುತ್ತೆ.

ಸಣ್ಣವರು ಮೇಲೆ ಬರಲು ಇದ್ದ ಏಣಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ. ಸಾವಿರ ವೋಟಿನ ಲೆಕ್ಕದಲ್ಲಿ ಗೆಲ್ಲಬಹುದಾಗಿದ್ದ ಜಾಗ. ಆ ಚುನಾವಣೆ ಕೊನೆಗೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಗ ಬಿಜೆಪಿ ಸರ್ಕಾರ, ಈಗ ಕಾಂಗ್ರೆಸ್ ಸರ್ಕಾರ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ನೆಪಕ್ಕೆ ಬರ ಇಲ್ಲ. ಬೇರೆ ಯಾವುದರಲ್ಲೂ ಒಮ್ಮತ ಇಲ್ಲದವರು ಇದೊಂದರಲ್ಲಿ ಅಣ್ಣತಮ್ಮಂದಿರು.

ಹಾಗಾಗಿ ಈಗ ಊರಿನ ನೀರಿನ ಮೋಟರ್ ಸುಟ್ಟುಹೋದರೆ ಕೇಳಲು ತಾಲ್ಲೂಕು ಪಂಚಾಯಿತಿ ಸದಸ್ಯ ಅಂತ ಒಬ್ಬನೂ ಇಲ್ಲ. ನೇರ ಎಂಎಲ್‌ಎ ಆಫೀಸಿಗೇ ಹೋಗಬೇಕು. ಅಲ್ಲಿ ಅರ್ಜಿ ತೆಗೆದುಕೊಳ್ಳುವ ಹುಡುಗ ಮೋಟರ್ ಎಷ್ಟು ಎಚ್‌ಪಿ ಅಂತ ಕೇಳುವುದಿಲ್ಲ. "ನಿಮ್ದು ಯಾವ ಬೂತು? ಹೋದ ಸಲ ನಮ್ಗೆ ಎಷ್ಟು ಬಂದಿತ್ತು ಅಲ್ಲಿ?" ಅಂತ ಕೇಳುತ್ತಾನೆ.