ಗುರಿ ಇಬ್ಬರದ್ದು ಅಂತೀರಿ, ಬರೆದವರು ಯಾರು?

ಮ್ಯಾನೇಜರ್, ನೌಕರ ಇಬ್ಬರೂ ಕೂತು ವರ್ಷದ ಗುರಿ ಗೊತ್ತುಮಾಡುವುದಕ್ಕೆ ಗೋಲ್ ಸೆಟ್ಟಿಂಗ್ ಅಂತಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅದು ಬಹುಪಾಲು ಬಟನ್ ಒತ್ತುವ ಕೆಲಸ. ಏಪ್ರಿಲ್‌ನಲ್ಲಿ ಎಚ್‌ಆರ್‌ನಿಂದ ಮೇಲ್ ಬರುತ್ತದೆ. ಯಾರೂ ಓದುವುದಿಲ್ಲ. ಜೂನ್ ಹೊತ್ತಿಗೆ ಮ್ಯಾನೇಜರ್ ತಮ್ಮ ಕೆಆರ್‌ಎಯನ್ನೇ, ಅಂದರೆ ತಮ್ಮ ಗುರಿಗಳ ಪಟ್ಟಿಯನ್ನೇ, ಕಾಪಿ ಮಾಡಿ ಟೀಮಿಗೆಲ್ಲ ಹಂಚುತ್ತಾರೆ. ಕೊನೆಯ ದಿನ ಸಂಜೆ ಎಲ್ಲರೂ ಒಪ್ಪಿಗೆ ಒತ್ತಿ ಕ್ಯಾಬ್ ಹತ್ತುತ್ತಾರೆ. ಟೆಸ್ಟಿಂಗ್ ಮಾಡುವ ಹುಡುಗಿಯ ಹಾಳೆಯಲ್ಲೂ ‘ಗ್ರಾಹಕರಿಂದ ಬರುವ ಆದಾಯ ಶೇ. 10 ಹೆಚ್ಚಿಸುವುದು’ ಅಂತಿರುತ್ತದೆ. ಆಕೆ ಗ್ರಾಹಕರ ಮುಖವನ್ನೇ ನೋಡಿರುವುದಿಲ್ಲ!

ನಾನು ಕೆಲಸ ಕಲಿತದ್ದು ಅಲ್ಲೇ. ಈಗ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿದ್ದೇನೆ. ನಮ್ಮ ಟೀಮಿನ ಅರ್ಧ ಜನ ವೈಟ್‌ಫೀಲ್ಡ್‌ನಲ್ಲಿದ್ದಾರೆ.

ಇಲ್ಲಿ ಬೋನಸ್ಸನ್ನು ಗುರಿಗೆ ಕಟ್ಟಿದ ಮೇಲೆ ಕಂಪನಿ ಆ ಗುರಿಯನ್ನು ಹೊತ್ತಿಗೆ ಸರಿಯಾಗಿ ಹೇಳಲೇಬೇಕು. 2025ರ ಫೆಬ್ರವರಿಯಲ್ಲಿ ಇಲ್ಲಿನ ಫೆಡರಲ್ ಕಾರ್ಮಿಕ ನ್ಯಾಯಾಲಯದ ಮುಂದೆ ಇಂಥದ್ದೇ ಒಂದು ಕೇಸು ಬಂದಿತ್ತು. ಮಾರ್ಚ್ 1ರೊಳಗೆ ಗುರಿ ಹೇಳಬೇಕು ಅಂತ ಆ ಕಂಪನಿಯ ನಿಯಮವಿತ್ತು. 2019ರ ಕಂಪನಿ ಗುರಿಗಳನ್ನು ಹೇಳಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಷ್ಟು ತಡವಾಗಿ ಹೇಳಿದ ಗುರಿಯಿಂದ ಯಾರಿಗೂ ಹುರುಪು ಬರುವುದಿಲ್ಲ ಅಂತ ಕೋರ್ಟು ಕಂಪನಿಗೆ ಹೇಳಿತು. ಆ ನೌಕರನಿಗೆ ಸುಮಾರು 16,000 ಯೂರೋ ಪರಿಹಾರ ಸಿಕ್ಕಿತು. ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ನಗುತ್ತಾರೆ. ಅವರಲ್ಲಿ ಅಕ್ಟೋಬರ್ ಅಂದರೆ ಬೇಗನೇ ಅಂತೆ!

ಕೋರ್ಟಿನ ಭಯಕ್ಕಿಂತ ನನಗೆ ಹಿಡಿಸಿದ್ದು ಮಾತುಕತೆ. ನನ್ನ ಪಕ್ಕದ ಸಹೋದ್ಯೋಗಿ ಒಮ್ಮೆ ಮ್ಯಾನೇಜರ್‌ಗೆ ಹೇಳಿದರು: ‘ಈ ಮೂರನೇ ಗುರಿ ಬೇಕಾದರೆ ಮೊದಲನೆಯದನ್ನು ತೆಗೀರಿ. ಎರಡೂ ಆಗಲ್ಲ.’ ಅರ್ಧ ಗಂಟೆ ಜಗ್ಗಾಟ ನಡೆಯಿತು. ಕೊನೆಗೆ ಮೊದಲನೆಯದು ಹೋಯಿತು. ಯಾರ ಮುಖವೂ ಬಾಡಲಿಲ್ಲ.

ಹಾಗಂತ ಇಲ್ಲಿಯದೆಲ್ಲ ಬಂಗಾರವೇನಲ್ಲ. ಸೆಪ್ಟೆಂಬರ್‌ನಲ್ಲಿ ಗ್ರಾಹಕ ಮನಸ್ಸು ಬದಲಾಯಿಸಿದರೆ ಕೆಲವರು ಹಾಳೆ ತೋರಿಸಿ ಸುಮ್ನೆ ಕೂರುತ್ತಾರೆ. ಬೆಂಗಳೂರಿನವರು ರಾತ್ರಿ ಕೂತು ಮುಗಿಸಿಕೊಡುತ್ತಾರೆ. ಆದರೆ ಅಪ್ರೈಸಲ್ ಹೊತ್ತಿಗೆ ಆ ರಾತ್ರಿಗಳು ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ. ಮೈಕ್ರೋಸಾಫ್ಟ್ 2013ರಲ್ಲೇ ನೌಕರರನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು ಅಳೆದು, ಇಂತಿಷ್ಟೇ ಜನಕ್ಕೆ ಒಳ್ಳೆಯ ಅಂಕ ಕೊಡುವ ‘ಬೆಲ್ ಕರ್ವ್’ ರೇಟಿಂಗ್ ಕೈಬಿಟ್ಟಿತು. ಆದರೂ ‘ನೀನು ಚೆನ್ನಾಗಿ ಮಾಡಿದ್ದೀಯ, ಬೆಲ್ ಕರ್ವ್‌ನಲ್ಲಿ ಜಾಗ ಇರಲಿಲ್ಲ’ ಅನ್ನುವ ಮಾತು ಬೆಂಗಳೂರಲ್ಲಿ ಇನ್ನೂ ಕೇಳಿಬರುತ್ತದೆ.

ಬೆಂಗಳೂರಿನ ನಮ್ಮವರಿಗೆ ಹೀಗೆ ಎದುರು ಮಾತಾಡುವ ಧೈರ್ಯ ಇಲ್ಲ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಬಾಸನ್ನು ಹೆಸರು ಹಿಡಿದು ಕರೆಯುವ ಜನ ಅವರು. ಆದರೆ ಗುರಿ ಕೊಡುವವರು, ರೇಟಿಂಗ್ ಹಾಕುವವರು, ಸಂಬಳದ ಹೈಕ್ ಬರೆಯುವವರು ಎಲ್ಲ ಒಬ್ಬರೇ ಆದಾಗ ‘ಆಗಲ್ಲ’ ಅನ್ನೋದು ದುಬಾರಿ ಮಾತು. ಮ್ಯಾನೇಜರ್ ಕೈಯೂ ಕಟ್ಟಿರುತ್ತದೆ. ಜನವರಿಯಲ್ಲಿ ನಾವು ಇಲ್ಲಿ ಕೂತು ತಾರೀಕು ಗೊತ್ತುಮಾಡಿ ಗ್ರಾಹಕರಿಗೆ ಮಾತು ಕೊಟ್ಟಾಗಿರುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ಚರ್ಚೆಗೆ ಇನ್ನೇನು ಉಳಿದಿರುತ್ತದೆ?

ಹಾಗಾಗಿ ಅಲ್ಲಿ ನಿಜವಾದ ಚರ್ಚೆ ನಡೆಯುವುದು ನೌಕರ ಪೇಪರ್ ಹಾಕಿದ ಮೇಲೆ, ಅಂದರೆ ರಾಜೀನಾಮೆ ಕೊಟ್ಟ ಮೇಲೆ. ಆಗ ಮ್ಯಾನೇಜರ್ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ‘ನಿಂಗೆ ಏನ್ ಮಾಡಬೇಕು ಅಂತ ಆಸೆ? ಯಾವ ಪ್ರಾಜೆಕ್ಟ್ ಬೇಕು?’ ಅಂತಾರೆ. ಒಳ್ಳೆಯ ಪ್ರಶ್ನೆಗಳೇ. ಜೇಬಲ್ಲಿ ಬೇರೆ ಕಂಪನಿಯ ಆಫರ್ ಇರುವವನ ಹತ್ತಿರ ಕೇಳುತ್ತಿದ್ದಾರೆ, ಅಷ್ಟೇ. ಅದನ್ನೇ ಏಪ್ರಿಲ್‌ನಲ್ಲಿ ಕೇಳಿದ್ದರೆ ಏನಾಗುತ್ತಿತ್ತು? ಮೊದಲ ಹಾಳೆಯನ್ನು ನೌಕರನೇ ಬರೆಯಲಿ. ನಡುವೆ ಹೊಸ ಗುರಿ ಸೇರಿಸಿದರೆ ಹಳೆಯದೊಂದನ್ನು ಹೊಡೆದುಹಾಕಲಿ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ.

ನಮ್ಮ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಚಳಿಗಾಲದಲ್ಲಿ ಎರಡೂ ಊರಿಗೆ ನಾಲ್ಕೂವರೆ ಗಂಟೆ ವ್ಯತ್ಯಾಸ. ಇಲ್ಲಿ ಒಂಬತ್ತೂವರೆ ಅಂದರೆ ಅಲ್ಲಿ ಮಧ್ಯಾಹ್ನ ಎರಡು. ಜನವರಿಯ ಆ ಮೀಟಿಂಗಿಗೆ ವೈಟ್‌ಫೀಲ್ಡ್‌ನವರನ್ನೂ ಕರೆಯೋಣ, ತಾರೀಕು ಗೊತ್ತಾಗುವ ಮುಂಚೆ.