ಹಗ್ಗ ಹರಿಯೋದನ್ನೇ ತೋರಿಸದ ಸಿನಿಮಾ

"ಮಕ್ಕಳ ಸಿನಿಮಾ ಅಂದ್ಯಲ್ಲ ಮಾರಾಯ, ಆ ಹುಡುಗೀನೇ ಸತ್ತೋಯ್ತಲ್ಲ! ಇಂಥದ್ದೆಲ್ಲ ಮಕ್ಕಳಿಗೆ ಯಾಕೆ?" ಅಂತ ಅತ್ತಿಗೆ ನನ್ನನ್ನು ತರಾಟೆಗೆ ತಗೊಂಡರು. ರಜೆಗೆ ಬಂದ ಮಕ್ಕಳಿಗೆ ನಾನು ಹಾಕಿದ್ದು 2007ರ ‘ಬ್ರಿಡ್ಜ್ ಟು ಟೆರಬಿಥಿಯಾ’. (ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕತೆ ಪೂರ್ತಿ ಬಿಚ್ಚಿಡ್ತೀನಿ.)

ಅತ್ತಿಗೆಯ ಸಿಟ್ಟಿಗೂ ಕಾರಣ ಇದೆ. ಟ್ರೇಲರ್ ನೋಡಿದರೆ ಬರೀ ರಾಕ್ಷಸರು, ಮಾಯಾಲೋಕ. ಸಿನಿಮಾದಲ್ಲಿ ಇರೋದು ಬೇರೆಯೇ. ಚಿತ್ರ ಬರೆಯೋ ಬಡ ಹುಡುಗ ಜೆಸ್, ಪಕ್ಕದ ಮನೆಗೆ ಹೊಸದಾಗಿ ಬಂದ ಲೆಸ್ಲಿ. ಇಬ್ಬರೂ ಹಗ್ಗಕ್ಕೆ ಜೋತುಬಿದ್ದು ಹಳ್ಳ ದಾಟಿ, ಕಾಡೊಳಗೆ ತಮ್ಮದೇ ಕಲ್ಪನೆಯ ರಾಜ್ಯ ಕಟ್ಟಿಕೊಳ್ತಾರೆ, ಅದೇ ಟೆರಬಿಥಿಯಾ.

ನನ್ನ ಪ್ರಕಾರ ಇಡೀ ಸಿನಿಮಾ ನಿಂತಿರೋದು ಆ ಹಗ್ಗದ ಮೇಲೆ. ಅದನ್ನ ಎಷ್ಟು ಸಲ ತೋರಿಸ್ತಾರೆ ನೋಡಿ. ಪ್ರತಿ ಸಲವೂ ನಗು, ಬಿಸಿಲು, ಆಟ. ನಮಗೆ ಅನುಮಾನವೇ ಬರಲ್ಲ. ಆಮೇಲೆ ಮಳೆ ಬಂದು ಹಳ್ಳ ತುಂಬುತ್ತದೆ. ಅಮೆರಿಕದ ಪ್ರೇಕ್ಷಕರಿಗೆ ಅಲ್ಲಿ ಏನನ್ನಿಸಿತೋ, ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ದಬ್ಬೆಯ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ಶಾಲೆಗೆ ಹೋದವರಿಗೆ ಮಾತ್ರ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಆಷಾಢದಲ್ಲಿ ಕೆಂಪು ನೀರು ಸಂಕದ ಅಡಿಗೆ ತಾಗಿಕೊಂಡು ಹೋಗುವಾಗ ಅಮ್ಮಂದಿರು ದಂಡೆಯಲ್ಲಿ ಯಾಕೆ ನಿಂತಿರ್ತಾರೆ ಅಂತ ನಮಗೆ ಗೊತ್ತಲ್ವಾ?

ಆದರೆ ಲೆಸ್ಲಿಯ ಸಾವನ್ನು ನಾವು ನೋಡೋದೇ ಇಲ್ಲ. ಆ ದಿನ ಜೆಸ್ ತನ್ನ ಮೆಚ್ಚಿನ ಟೀಚರ್ ಜೊತೆ ಮ್ಯೂಸಿಯಂಗೆ ಹೋಗಿರ್ತಾನೆ. ಹೋಗುವಾಗ ಲೆಸ್ಲಿಯ ಮನೆ ಕಡೆ ನೋಡ್ತಾನೆ, ಕರೆಯಬಹುದಿತ್ತು, ಕರೆಯಲ್ಲ. ಸಂಜೆ ಮನೆಗೆ ಬಂದರೆ ಎಲ್ಲರೂ ಗಾಬರಿಯಲ್ಲಿ ಕೂತಿದ್ದಾರೆ. ಹಗ್ಗ ಹರಿದ ಸುದ್ದಿ ಮಾತಿನಲ್ಲಷ್ಟೇ ಬರುತ್ತದೆ. ನಮ್ಮ ಸಿನಿಮಾ ಆಗಿದ್ದರೆ ಹಗ್ಗದ ಎಳೆ ಒಂದೊಂದೇ ಬಿಚ್ಚೋದನ್ನ ಸ್ಲೋ ಮೋಷನ್‌ನಲ್ಲಿ ತೋರಿಸ್ತಿದ್ದರು, ಹಿಂದೆ ವಯೊಲಿನ್ ಬೇರೆ. ಇಲ್ಲಿ ನಾವೂ ಜೆಸ್‌ನಂತೆಯೇ, ಅಲ್ಲಿ ಇರಲಿಲ್ಲ. ಆ ಕರೆಯದೇ ಇದ್ದ ಒಂದು ಕ್ಷಣ ಅವನನ್ನು ತಿನ್ನುತ್ತದೆ.

ಕ್ಯಾಥರೀನ್ ಪ್ಯಾಟರ್ಸನ್ 1977ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಇದಕ್ಕಿಂತ ಗಟ್ಟಿಯಾದ ಒಂದು ಜಾಗ ಇದೆ. ಮರುದಿನ ಬೆಳಿಗ್ಗೆ ಜೆಸ್ ಸುಮ್ನೆ ಕೂತು ತಿಂಡಿ ತಿಂತಾನೆ. ಅಕ್ಕ ಬೈತಾಳೆ. ಸಾವಿನ ಮನೆಯಲ್ಲಿ ಮಕ್ಕಳು ಹಸಿವು ಅಂದಾಗ ನಾವು ಕಣ್ಣು ಕೆಂಪು ಮಾಡ್ತೀವಲ್ಲ, ಅದೇ ಥರ. ಪ್ಯಾಟರ್ಸನ್ ಇದನ್ನ ಗಾಳಿಯಲ್ಲಿ ಹುಟ್ಟಿಸಿದ್ದಲ್ಲ. ಅವರ ಮಗನ ಎಂಟು ವರ್ಷದ ಗೆಳತಿ ಸಿಡಿಲು ಬಡಿದು ತೀರಿಕೊಂಡಿದ್ದಳು. ಆ ಮಗ ಡೇವಿಡ್ ದೊಡ್ಡವನಾಗಿ ಈ ಸಿನಿಮಾದ ಚಿತ್ರಕತೆ ಬರೆದವರಲ್ಲಿ ಒಬ್ಬ.

ಮಕ್ಕಳಿಗೆ ಯಾಕೆ ಅನ್ನೋರಿಗೆ ನನ್ನದೊಂದು ಪ್ರಶ್ನೆ. ಕುವೆಂಪು ಅವರ ಕಿಂದರಿಜೋಗಿ ನಮ್ಮ ತುಂಗಾ ತೀರದಲ್ಲೇ ನಡೆಯೋ ಕತೆ. ಅಲ್ಲಿ ಊರಿನ ಮಕ್ಕಳೆಲ್ಲ ಬೆಟ್ಟದೊಳಗೆ ಮಾಯ, ಒಬ್ಬ ಕುಂಟ ಹುಡುಗ ಮಾತ್ರ ಹಿಂದೆ ಉಳೀತಾನೆ. ಅದನ್ನ ಸ್ಕೂಲ್ ಡೇಯಲ್ಲಿ ಕುಣಿಸಿ ಚಪ್ಪಾಳೆ ಹೊಡೆದವರು ನಾವೇ ತಾನೆ?

ಕೊನೆಗೆ ಜೆಸ್ ಹಲಗೆ ಜೋಡಿಸಿ ಹಳ್ಳಕ್ಕೆ ಸೇತುವೆ ಕಟ್ತಾನೆ, ತಂಗಿಯನ್ನು ಕರ್ಕೊಂಡು ದಾಟ್ತಾನೆ. ಅನಾಹುತ ಆದಮೇಲೆ ಸೇತುವೆ. ಈ ಕ್ರಮ ಮಲೆನಾಡಿನವರಿಗೆ ಹೊಸದೇನಲ್ಲ ಬಿಡಿ. ಆದರೆ ಆ ಹಲಗೆ ಗ್ರಾಫಿಕ್ಸ್‌ನಲ್ಲಿ ಅರಮನೆ ಸೇತುವೆ ಆಗೋದು ನನಗೆ ಹಿಡಿಸಲಿಲ್ಲ. ಅಲ್ಲಿ ನಿರ್ದೇಶಕರಿಗೆ ಕತೆಗಿಂತ ಕಂಪ್ಯೂಟರ್ ಮೇಲೆ ನಂಬಿಕೆ ಜಾಸ್ತಿ ಆಯ್ತು. ನೋಡಿದವರು ನಿಮಗೇನನ್ನಿಸಿತು ಹೇಳಿ, ಜಗಳಕ್ಕೆ ನಾನು ರೆಡಿ.